ಎಲ್ಲೆಯಾಗಿದ್ದ ಕಡಲು: ವಿವಾಹದ ಹೊಸ ರೂಢಿಯೊಂದರ ವಿಮರ್ಶೆ

ಬಸವನಗುಡಿಯ ಗಾಂಧಿ ಬಜಾರ್ ಹಳೆಯ ಬೆಂಗಳೂರಿನ ಕುಟುಂಬಗಳಿಗೆ ಮದುವೆಯ ಪೇಟೆ. 1898ರ ಪ್ಲೇಗಿನ ತರುವಾಯ ರೂಪುಗೊಂಡ ಈ ಬಡಾವಣೆಯಲ್ಲಿ ಮದುವೆ ನಿಶ್ಚಯವಾದ ಮನೆಯವರು ಮೊದಲು ಮಾಡುತ್ತಿದ್ದ ಕೆಲಸ ಪಟ್ಟಿ ಬರೆಯುವುದು. ಆ ಪಟ್ಟಿಯನ್ನು ಹಿಡಿದು ಮನೆಯ ಹಿರಿಯರೊಬ್ಬರು ಪೇಟೆಗೆ ಬರುತ್ತಿದ್ದರು. ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನ, ಕುಂಕುಮ, ಅಡಕೆ, ಕೊಬ್ಬರಿ. ಬೀದಿಯ ಬದಿಯಲ್ಲಿ ಹೂವು, ಬಾಳೆಎಲೆ, ವೀಳ್ಯದೆಲೆ, ಮಾವಿನ ಸೊಪ್ಪು. ಇಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಅಳತೆಯಿದೆ. ಹೂವಿಗೆ ಮೊಳ ಮತ್ತು ಮಾರು, ವೀಳ್ಯದೆಲೆಗೆ ಕಟ್ಟು, ತೆಂಗಿನಕಾಯಿಗೆ ಲೆಕ್ಕ. ಅಡಿಗೆಯ ಗುತ್ತಿಗೆಯವರು ಕೇಳುವ ಮೊದಲ ಪ್ರಶ್ನೆಯೂ "ಎಷ್ಟು ಎಲೆ?" ಎಂಬುದೇ. ಶಂಕರಪುರ, ವಿಶ್ವೇಶ್ವರಪುರ, ಚಾಮರಾಜಪೇಟೆಗಳಲ್ಲಿ ನೆಲೆಸಿರುವ ಜೈನ ಮನೆತನಗಳೂ ಈ ಪೇಟೆಯ ಹಳೆಯ ಗಿರಾಕಿಗಳೇ ಆಗಿವೆ.

ಈಚಿನ ವರ್ಷಗಳಲ್ಲಿ ಇಂತಹ ಅನೇಕ ಮನೆಗಳಲ್ಲಿ ಪಟ್ಟಿಯ ಸ್ಥಾನಕ್ಕೆ ಮತ್ತೊಂದು ಕಾಗದ ಬಂದಿದೆ. ಅದು ಮದುವೆಯನ್ನು ಒಟ್ಟಾಗಿ ವಹಿಸಿಕೊಳ್ಳುವ ಸಂಸ್ಥೆಯೊಂದು ಸಿದ್ಧಪಡಿಸಿದ ವಿವರಪತ್ರ. ಗೋವೆಯ ತೀರ, ಗೋಕರ್ಣದ ತೀರ, ಕೇರಳದ ಕೋವಳಂ, ಇನ್ನೂ ಅನುಕೂಲವಂತರಿಗೆ ಥಾಯ್ಲೆಂಡಿನ ಫುಕೆಟ್, ಇಂಡೋನೇಷ್ಯದ ಬಾಲಿ. ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು. ಎರಡು ರಾತ್ರಿ ಮೂರು ಹಗಲುಗಳ ವಾಸ, ಉಪಾಹಾರದಿಂದ ನಡುರಾತ್ರಿಯ ತಿಂಡಿಯವರೆಗೆ ಬಫೆ, ಮೆಹೆಂದಿ, ಸಂಗೀತ್, ಈಜುಕೊಳದ ಬಳಿಯ ಕೂಟ, ಸೂರ್ಯಾಸ್ತದ ಹಿನ್ನೆಲೆಯಲ್ಲಿ ಮಾಂಗಲ್ಯಧಾರಣೆ. ಇವೆಲ್ಲಕ್ಕೂ ತಲೆಗೆ ಇಷ್ಟು ಎಂಬ ಒಂದೇ ದರ. ಕೆಳಗೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ ಮಾತು: "ಎಲ್ಲವೂ ಸೇರಿ."

2023ರ ನವೆಂಬರ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ, ವಿದೇಶಗಳಿಗೆ ಹೋಗಿ ಮದುವೆ ಮಾಡುವ ರೂಢಿಯನ್ನು ಪ್ರಸ್ತಾಪಿಸಿ, ಮದುವೆಗಳನ್ನು ಭಾರತದಲ್ಲಿಯೇ ನಡೆಸುವಂತೆ ಜನರನ್ನು ಕೇಳಿಕೊಂಡರು. ಅದು ದೇಶದ ಹಣಕಾಸಿನ ದೃಷ್ಟಿಯಿಂದ ಬಂದ ಮಾತು. ಶ್ರಾವಕನ ದೃಷ್ಟಿಯಿಂದ ನೋಡುವಾಗ ತೀರವು ಗೋವೆಯದಾದರೂ ಬಾಲಿಯದಾದರೂ ಪ್ರಶ್ನೆ ಬದಲಾಗುವುದಿಲ್ಲ. ಅಣುವ್ರತಗಳನ್ನು ಕೇಳಿ ಬೆಳೆದ ಮನೆಯೊಂದು, ತನ್ನ ಮಕ್ಕಳನ್ನು ಗೃಹಸ್ಥಾಶ್ರಮಕ್ಕೆ ಕಳುಹಿಸುವ ದಿನದಂದು "ಎಲ್ಲವೂ ಸೇರಿ" ಎಂಬ ಕರಾರಿಗೆ ಸಹಿ ಹಾಕಬಹುದೇ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲಿಗೆ ಈ ರೂಢಿಯ ಪರವಾಗಿರುವ ಮಾತುಗಳನ್ನು ಪಕ್ಷಪಾತವಿಲ್ಲದೆ ಕೇಳಬೇಕು. ಅನೇಕಾಂತವನ್ನು ಒಪ್ಪಿದ ಸಮಾಜಕ್ಕೆ ಇದು ಸಹಜವಾದ ಕ್ರಮ. ವಧು ಒಂದು ಖಂಡದಲ್ಲಿ, ವರ ಇನ್ನೊಂದು ಖಂಡದಲ್ಲಿ ಉದ್ಯೋಗದಲ್ಲಿರುವ ಕಾಲವಿದು. ಎರಡು ಕುಟುಂಬಗಳು ಮೂರು ದಿನ ಒಂದೆಡೆ ಕೂಡಿ ಬಾಳುವುದೇ ಅಪರೂಪ. ಕಲ್ಯಾಣ ಮಂಟಪದಲ್ಲಿ ಎರಡು ಸಾವಿರ ಜನರ ಸಾಲು ವೇದಿಕೆ ಹತ್ತಿ ಇಳಿಯುತ್ತದೆ. ವಧೂವರರಿಗೆ ಅವರಲ್ಲಿ ಬಹುಪಾಲು ಜನರ ಹೆಸರು ತಿಳಿಯದು. ಅದಕ್ಕಿಂತ ನೂರು ಜನ ಆಪ್ತರ ನಡುವೆ ಮದುವೆಯಾಗುವುದು ಮೇಲಲ್ಲವೇ? ಮುಹೂರ್ತಕ್ಕೆ ಮೊದಲೇ ಬಳಲಿ ಬೆಂಡಾಗುವ ಹೆಣ್ಣು ಹೆತ್ತವರಿಗೆ ಒಂದೇ ದರದ ವ್ಯವಸ್ಥೆಯು ಬಿಡುಗಡೆಯಂತೆ ಕಾಣುವುದೂ ಸಹಜವೇ. ನೂರು ಜನರ ತೀರದ ಮದುವೆಯು ಎರಡು ಸಾವಿರ ಜನರ ಮಂಟಪದ ಮದುವೆಗಿಂತ ಅಗ್ಗವಾಗುವ ಸಂದರ್ಭಗಳೂ ಉಂಟು.

ನಗರದ ಮದುವೆಯು ನಿರ್ದೋಷಿಯೆಂದು ಯಾರೂ ಹೇಳಲಾರರು. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಂಡವೊಂದು ನಗರದ ಕಲ್ಯಾಣ ಮಂಟಪಗಳನ್ನು ಸಮೀಕ್ಷಿಸಿ, ಮದುವೆಯ ಊಟಗಳಲ್ಲಿ ವರ್ಷಕ್ಕೆ 943 ಟನ್‌ಗಳಷ್ಟು ಒಳ್ಳೆಯ ಆಹಾರ ಪೋಲಾಗುತ್ತಿದೆಯೆಂದು ಅಂದಾಜು ಮಾಡಿತು. ಎಲೆಯ ಮೇಲೆ ಬಿಟ್ಟ ಅನ್ನವೂ ಹಿಂಸೆಯ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಹಳೆಯದೆಲ್ಲವೂ ಧರ್ಮ, ಹೊಸದೆಲ್ಲವೂ ಅಧರ್ಮ ಎಂಬ ಸುಲಭವಾದ ತೀರ್ಪಿಗೆ ಇಲ್ಲಿ ಸ್ಥಳವಿಲ್ಲ. ಎರಡು ಬಗೆಯ ಮದುವೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಆ ತಕ್ಕಡಿ ಶ್ರಾವಕಾಚಾರದಲ್ಲಿ ಸಿದ್ಧವಾಗಿಯೇ ಇದೆ.

ಶ್ರಾವಕನಿಗೆ ಹೇಳಿದ ಹನ್ನೆರಡು ವ್ರತಗಳಲ್ಲಿ ಹಲವು ಅಳತೆಗೆ ಸಂಬಂಧಿಸಿದವು. ಮುನಿಯು ಪರಿಗ್ರಹವನ್ನು ಪೂರ್ಣವಾಗಿ ಬಿಡುತ್ತಾನೆ. ಗೃಹಸ್ಥನು ಬಿಡಲಾರನು, ಆದ್ದರಿಂದ ಅದಕ್ಕೆ ಪರಿಮಾಣವನ್ನು ಹಾಕಿಕೊಳ್ಳುತ್ತಾನೆ. ಎಷ್ಟು ಹೊಲ, ಎಷ್ಟು ಬಂಗಾರ, ಎಷ್ಟು ಧಾನ್ಯ ಎಂದು ತಾನೇ ಎಣಿಸಿ, ಇಲ್ಲಿಂದಾಚೆಗೆ ಬೇಡ ಎನ್ನುತ್ತಾನೆ. ದಿಗ್ವ್ರತದಲ್ಲಿ ತಾನು ಸಂಚರಿಸುವ ದಿಕ್ಕುಗಳಿಗೆ ಎಲ್ಲೆ ಕಟ್ಟಿಕೊಳ್ಳುತ್ತಾನೆ; ದೇಶವ್ರತದಲ್ಲಿ ಅದನ್ನು ಕಾಲಕ್ಕೆ ತಕ್ಕಂತೆ ಇನ್ನೂ ಸಣ್ಣದಾಗಿಸುತ್ತಾನೆ. ಭೋಗೋಪಭೋಗ ಪರಿಮಾಣದಲ್ಲಿ, ಒಮ್ಮೆ ಬಳಸಿ ಮುಗಿಯುವ ಊಟ, ಹೂವು, ಗಂಧಗಳಿಗೂ, ಮತ್ತೆ ಮತ್ತೆ ಬಳಸುವ ವಸ್ತ್ರ, ಆಭರಣ, ವಾಹನಗಳಿಗೂ ಲೆಕ್ಕವಿಡುತ್ತಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತಕ್ಕೆ ಯಾವ ಯಾವ ಎಲ್ಲೆಗಳನ್ನು ಇಟ್ಟುಕೊಳ್ಳಬಹುದೆಂದು ಪಟ್ಟಿ ಮಾಡುವಾಗ ಮೊದಲು ಹೆಸರಿಸುವುದು ಸಮುದ್ರವನ್ನು. ಅನಂತರ ನದಿ, ಅಡವಿ, ಬೆಟ್ಟ, ನಾಡು, ಯೋಜನಗಳು ಬರುತ್ತವೆ.

ಈ ಸಂಗತಿ ಪ್ರಸ್ತುತ ವಿಷಯಕ್ಕೆ ತೀರ ಸಮೀಪದ್ದು. ಶಾಸ್ತ್ರವು ಗೃಹಸ್ಥನಿಗೆ ತೋರಿಸಿಕೊಟ್ಟ ಎಲ್ಲೆಗಳಲ್ಲಿ ಮೊದಲನೆಯದು ಕಡಲು. ಇಂದು ಅದೇ ಕಡಲ ಅಂಚಿನಲ್ಲಿ ನಿಂತು ಎಲ್ಲೆಯೇ ಇಲ್ಲದ ಭೋಗವನ್ನು ದರಕ್ಕೆ ಕೊಳ್ಳಲಾಗುತ್ತಿದೆ. ಕಡಲಿನಲ್ಲಿ ದೋಷವಿಲ್ಲ. ಕರ್ನಾಟಕದ ಕರಾವಳಿಯು ಜೈನರಿಗೆ ಪರಕೀಯವೂ ಆಗಿಲ್ಲ. ಮೆಣಸಿನ ವ್ಯಾಪಾರದಿಂದ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಜೈನಳು. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಬಾಹುಬಲಿ, 1604ರ ವೇಣೂರಿನ ಬಾಹುಬಲಿ ಇವೆಲ್ಲ ಆ ಸೀಮೆಯವೇ. ಕಡಲ ವ್ಯಾಪಾರದಲ್ಲಿ ಬಂದ ಸಂಪತ್ತು ಅಲ್ಲಿ ಬಸದಿಗಳಿಗೂ ದಾನಶಾಸನಗಳಿಗೂ ಹರಿದಿದೆ. ದೋಷವಿರುವುದು ಎಣಿಕೆಯನ್ನು ಕೈಬಿಡುವ ಕರಾರಿನಲ್ಲಿ.

"ಎಲ್ಲವೂ ಸೇರಿ" ಎಂಬ ಪದ್ಧತಿಯ ಮೂಲವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1950ರಲ್ಲಿ ಬೆಲ್ಜಿಯಂನ ಗೆರಾರ್ ಬ್ಲಿಟ್ಜ್ ಎಂಬಾತನು ಸ್ಪೇನಿನ ಮಜೋರ್ಕ ದ್ವೀಪದ ಅಲ್ಕುಡಿಯದಲ್ಲಿ ಕ್ಲಬ್ ಮೆಡಿಟರೇನಿಯೆಯ ಮೊದಲ ರಜಾಗ್ರಾಮವನ್ನು ತೆರೆದನು. ಗುಡಾರಗಳ ವಾಸ, ಒಟ್ಟಿಗೆ ಕುಳಿತು ಊಟ, ಎಲ್ಲಕ್ಕೂ ಒಂದೇ ಶುಲ್ಕ. ಯುದ್ಧದಿಂದ ಬಳಲಿದ ಯುರೋಪಿನ ಜನರಿಗೆ ಹಣದ ಚಿಂತೆಯಿಲ್ಲದ ಒಂದು ವಾರವನ್ನು ಕೊಡುವುದು ಅದರ ಉದ್ದೇಶ. ಕಾಲಕ್ರಮದಲ್ಲಿ ಗುಡಾರ ಹೋಗಿ ಮಹಲು ಬಂದಿತು. ಊಟದ ಜೊತೆಗೆ ಮದ್ಯ, ಮನೋರಂಜನೆಗಳೂ ಶುಲ್ಕದೊಳಗೆ ಸೇರಿದವು. ಉಳಿದುಕೊಂಡದ್ದು ಮೂಲದ ತತ್ತ್ವ: ಅತಿಥಿಯು ಲೆಕ್ಕವನ್ನು ಮರೆಯಬೇಕು. ಲೆಕ್ಕವನ್ನು ಮರೆಸುವುದೇ ಈ ವ್ಯಾಪಾರದ ಸೊಗಸು. ಜೈನ ಗ್ರಂಥಗಳಲ್ಲಿಯೂ ಮರೆವಿನ ಮಾತು ಬರುತ್ತದೆ. ಆದರೆ ಕಟ್ಟಿಕೊಂಡ ಎಲ್ಲೆಯನ್ನು ಮರೆಯುವುದು ಅಲ್ಲಿ ದಿಗ್ವ್ರತದ ಐದು ಅತಿಚಾರಗಳಲ್ಲಿ ಒಂದು. ಒಂದೆಡೆ ಸೇವೆಯೆಂದು ಮಾರಾಟವಾಗುವುದು ಇನ್ನೊಂದೆಡೆ ದೋಷವೆಂದು ಪರಿಗಣಿತವಾಗಿದೆ.

ಗಾಂಧಿ ಬಜಾರಿನ ಪಟ್ಟಿಗೂ ರೆಸಾರ್ಟಿನ ವಿವರಪತ್ರಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಪಟ್ಟಿಯ ಮದುವೆಯೂ ಅತಿಯಾಗಬಹುದು. ಆದರೆ ಅತಿಯಾಗುವ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮನೆಯ ಯಜಮಾನನು ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು. ಎಂಟುನೂರು ಎಲೆ ಎಂದಾಗ ಹೆಂಡತಿಯೋ ತಾಯಿಯೋ "ಆರುನೂರು ಸಾಕು" ಎನ್ನಲು ಅವಕಾಶವಿದೆ. ಇಷ್ಟು ಮಾರು ಹೂವು ಬೇಕೇ ಎಂದು ಹೂವಿನವಳ ಮುಂದೆಯೇ ಮರುಚಿಂತನೆ ನಡೆಯಬಹುದು. ಹೂವು ಸಚಿತ್ತವೆಂದು ನೆನಪಿಸುವ ಹಿರಿಯರು ಜೊತೆಯಲ್ಲಿದ್ದರೆ ಅಳತೆ ಇನ್ನೂ ಇಳಿಯಬಹುದು. ತಲೆಗೊಂದು ದರದ ಕರಾರಿನಲ್ಲಿ ಈ ಸಂಭಾಷಣೆಗೆ ಎಡೆಯೇ ಇಲ್ಲ. ಅಲ್ಲಿ ಎಣಿಸುವುದು ತಲೆಗಳನ್ನು ಮಾತ್ರ. ಎಷ್ಟು ಅಕ್ಕಿ ಬೆಂದಿತು, ಎಷ್ಟು ಹೂವು ಕಿತ್ತರು, ಎಷ್ಟು ನೀರು ಹರಿಯಿತು, ಎಷ್ಟು ಆಹಾರ ಕಸದ ಬುಟ್ಟಿ ಸೇರಿತು ಎಂಬುದು ಹಣ ಕೊಟ್ಟವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಕಡಿಮೆ ಬಳಸಿದರೆ ಹಣ ಹಿಂದಕ್ಕೆ ಬರುವುದೂ ಇಲ್ಲ. ಹೀಗಾಗಿ ಮಿತವ್ಯಯಿಯಾದ ಮನುಷ್ಯನೂ "ಹೇಗೂ ಕೊಟ್ಟಾಗಿದೆ" ಎಂದು ಎರಡನೆಯ ತಟ್ಟೆಗೆ ಕೈಚಾಚುತ್ತಾನೆ. ವ್ರತವನ್ನು ಯಾರೂ ಬಲವಂತದಿಂದ ಮುರಿಸುವುದಿಲ್ಲ. ಅದು ನಿಲ್ಲಲು ಬೇಕಾದ ನೆಲವೇ ಕಾಲಡಿಯಿಂದ ಸರಿದು ಹೋಗಿರುತ್ತದೆ.

ಇಲ್ಲಿ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: "ಜೈನ ಊಟಕ್ಕೆ ಏರ್ಪಾಡು ಮಾಡಿಸಿದ್ದೇವೆ." ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಗಳಿಲ್ಲದ ಪಂಕ್ತಿಯೊಂದನ್ನು ಇಂದು ಬಹುಪಾಲು ದೊಡ್ಡ ಹೋಟೆಲುಗಳು ಒದಗಿಸುತ್ತವೆ. ಇದು ಸಣ್ಣ ಸಂಗತಿಯಲ್ಲ. ಸಮಾಜವು ತನ್ನ ನಿಯಮವನ್ನು ಹಿಡಿದು ನಿಂತದ್ದರ ಫಲವದು. ಆದರೆ ಜೈನಾಚಾರವು ತಟ್ಟೆಯ ಅಂಚಿಗೆ ಮುಗಿಯುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆ. ತಾನು ಮಾಡದಿದ್ದರೂ ಮಾಡಿಸಿದರೆ, ಮಾಡಿದುದಕ್ಕೆ ಒಪ್ಪಿದರೆ, ಅದರ ಪಾಲು ತಪ್ಪುವುದಿಲ್ಲ. ಎಲ್ಲವೂ ಸೇರಿದ ದರದಲ್ಲಿ ಮದ್ಯವೂ ಸೇರಿದ್ದರೆ, ಒಂದು ತೊಟ್ಟನ್ನೂ ಮುಟ್ಟದ ಕನ್ಯಾಪಿತೃವು ನೂರು ಜನರ ಕುಡಿತಕ್ಕೆ ಮುಂಗಡವಾಗಿ ಹಣ ತೆತ್ತಂತಾಯಿತು. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿದ್ದು. ಉಳಿದೆಲ್ಲ ವ್ರತಗಳಿಗೂ ಅದು ಬುನಾದಿ. "ನಾವು ಕುಡಿಯುವುದಿಲ್ಲ, ಬಂದವರ ಇಷ್ಟ" ಎಂಬ ಮಾತು ಕೃತಕ್ಕೆ ಉತ್ತರವಾದೀತು. ಕಾರಿತಕ್ಕೂ ಅನುಮೋದಿತಕ್ಕೂ ಉತ್ತರವಾಗಲಾರದು. ಮದ್ಯವನ್ನು ಕರಾರಿನಿಂದ ತೆಗೆಸಿದ ಮನೆಗಳೂ ಇವೆ. ಅವು ಪ್ರಶಂಸೆಗೆ ಅರ್ಹ. ಏಕೆಂದರೆ ಅಷ್ಟರಮಟ್ಟಿಗೆ ಅವು ಎಣಿಕೆಯನ್ನು ಮರಳಿ ತಮ್ಮ ಕೈಗೆ ತೆಗೆದುಕೊಂಡಿವೆ.

ಕಾಲದ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ತೀರದ ಮದುವೆಯ ಆಕರ್ಷಣೆಯೆಲ್ಲ ಸೂರ್ಯಾಸ್ತದಲ್ಲಿದೆ. ಅನಸ್ತಮಿತವನ್ನು ಪಾಲಿಸುವ ಮನೆಗಳಲ್ಲಿ ಸೂರ್ಯಾಸ್ತವೆಂದರೆ ಅಡಿಗೆಮನೆಯ ಬಾಗಿಲು ಮುಚ್ಚುವ ಹೊತ್ತು. ಅಲ್ಲಿ ಅದೇ ಹೊತ್ತಿಗೆ ಊಟದ ಮೇಜುಗಳು ತೆರೆಯುತ್ತವೆ. ನಿಯಮವುಳ್ಳ ಅಜ್ಜಿಯೊಬ್ಬರು ಆ ಮದುವೆಗೆ ಬಂದರೆನ್ನೋಣ. ಬೆಳಿಗ್ಗೆ ಜಿನದರ್ಶನವಿಲ್ಲದೆ ಬಾಯಿಗೆ ನೀರು ಹಾಕದವರಿಗೆ ಹತ್ತಿರದಲ್ಲಿ ಬಸದಿಯಿಲ್ಲ. ಸಂಜೆ ಎಲ್ಲರೂ ಉಣ್ಣುವ ಹೊತ್ತಿಗೆ ಅವರ ಊಟದ ಕಾಲ ಕಳೆದಿರುತ್ತದೆ. ಮೊಮ್ಮಗಳ ಮದುವೆಯಲ್ಲಿ ಅವರು ಕೋಣೆಯಲ್ಲಿ ಕುಳಿತು, ಊರಿನಿಂದ ಕಟ್ಟಿಕೊಂಡು ಬಂದ ತಿಂಡಿಯ ಡಬ್ಬಿಯನ್ನು ಬಿಚ್ಚಬೇಕಾಗುತ್ತದೆ. ಮನೆಯಲ್ಲಿ ಧರ್ಮವನ್ನು ಹೆಚ್ಚು ಹಿಡಿದುಕೊಂಡಿರುವವರೇ ಮನೆಯ ಮಂಗಳಕಾರ್ಯದಲ್ಲಿ ಹೊರಗಿನವರಾಗುವ ಏರ್ಪಾಡನ್ನು ಜೈನ ವಿವಾಹವೆಂದು ಕರೆಯುವುದು ಕಷ್ಟ.

ಅನರ್ಥದಂಡ ವ್ರತವನ್ನು ಇಲ್ಲಿ ನೆನೆಯಬೇಕು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು ಇವನ್ನು ಪ್ರಮಾದಚರ್ಯೆಯೆಂದು ಆಚಾರ್ಯರು ಎಣಿಸಿದ್ದಾರೆ. ಕಡಲತೀರದ ಮರಳು ನಿರ್ಜೀವವಾದ ರಂಗಸ್ಥಳವಲ್ಲ. ಅದರ ಬಿಲಗಳಲ್ಲಿ ಏಡಿಗಳಿವೆ. ಕರ್ನಾಟಕದ ಕರಾವಳಿಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮದುವೆಗಳ ಋತುವಾದ ಚಳಿಗಾಲದ ತಿಂಗಳುಗಳಲ್ಲಿಯೇ ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಒಡೆದ ಮೊಟ್ಟೆಯಿಂದ ಹೊರಬಂದ ಮರಿಗಳು ಕಡಲಿನ ಮೇಲಿನ ಬೆಳಕನ್ನು ಗುರುತಾಗಿಟ್ಟುಕೊಂಡು ನೀರಿನತ್ತ ಹರಿದುಹೋಗುತ್ತವೆ. ದಡದಲ್ಲಿ ದೀಪಗಳು ಉರಿಯುತ್ತಿದ್ದರೆ ದಿಕ್ಕು ತಪ್ಪಿ ದೀಪದತ್ತ ತೆವಳಿ ಸಾಯುತ್ತವೆ. ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯು ಮುನಿಗಳ ಆಚಾರ. ಗೃಹಸ್ಥನಿಂದ ಅಷ್ಟನ್ನು ಯಾರೂ ಬಯಸರು. ಆದರೆ ತನ್ನ ಮನೆಯ ಹಬ್ಬದ ದೀಪವು ಮತ್ತೊಂದು ಜೀವಕ್ಕೆ ದಾರಿ ತಪ್ಪಿಸುತ್ತಿದೆಯೇ ಎಂದು ಕೇಳಿಕೊಳ್ಳುವುದು ಗೃಹಸ್ಥನಿಗೂ ಅಸಾಧ್ಯವೇನಲ್ಲ.

ಬೆಟ್ಟವಾದರೂ ಕಡಲಾದರೂ ಫಲ ಒಂದೇ ಎಂಬುದಕ್ಕೆ 2019ರ ಜೂನ್‌ನಲ್ಲಿ ಹಿಮಾಲಯದ ಔಲಿಯಲ್ಲಿ ನಡೆದ ಉದ್ಯಮಿ ಕುಟುಂಬವೊಂದರ ಮದುವೆಗಳು ಸಾಕ್ಷಿ. ಪರಿಸರಕ್ಕೆ ಆಗಬಹುದಾದ ಹಾನಿಯನ್ನು ಗಮನಿಸಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಮೂರು ಕೋಟಿ ರೂಪಾಯಿಗಳ ಠೇವಣಿಯನ್ನು ಇಡಲು ಆದೇಶಿಸಿತು. ಅತಿಥಿಗಳು ತೆರಳಿದ ಮೇಲೆ ಕ್ವಿಂಟಾಲುಗಟ್ಟಲೆ ಕಸವನ್ನು ಬೆಟ್ಟದಿಂದ ಇಳಿಸುವ ಕೆಲಸ ನಡೆಯಬೇಕಾಯಿತು. ಮದುವೆಯ ಖರ್ಚು ಎಷ್ಟೆಂದು ಪತ್ರಿಕೆಗಳು ಬೆರಗಿನಿಂದ ಬರೆದವು. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ವಿಸ್ಮಯವನ್ನೂ ಸೇರಿಸಿದ್ದಾರೆಂಬುದು ಇಲ್ಲಿ ಗಮನಾರ್ಹ. ಪರರ ಸಿರಿಯನ್ನು ಕಂಡು ಬೆರಗಾಗುವುದರಿಂದಲೇ ಎಣಿಕೆ ತಪ್ಪಲು ಮೊದಲಾಗುತ್ತದೆ. ಒಂದು ಮನೆಯ ಮದುವೆಯ ಚಿತ್ರಗಳು ಮೊಬೈಲಿನಲ್ಲಿ ಹತ್ತು ಮನೆಗಳನ್ನು ತಲುಪುತ್ತವೆ. ಆ ಹತ್ತು ಮನೆಗಳಲ್ಲಿ ಎರಡಾದರೂ, ತಮ್ಮ ಕೈಲಾಗದಿದ್ದರೂ, ಸಾಲ ತೆಗೆದು ಅದೇ ದಾರಿಯನ್ನು ಹಿಡಿಯುತ್ತವೆ. ಗಂಡಿನ ಮನೆಯವರು "ನಮಗೇನೂ ಬೇಡ, ಮದುವೆ ಮಾತ್ರ ಸಮುದ್ರದ ದಡದಲ್ಲಿ" ಎಂದಾಗ, ವರದಕ್ಷಿಣೆಯ ಹೆಸರನ್ನು ಬಿಟ್ಟು ಅದರ ಭಾರವಷ್ಟೇ ಹೆಣ್ಣಿನ ತಂದೆಯ ಹೆಗಲಿಗೆ ಬಂದಿರುತ್ತದೆ.

ಹಾಗಾದರೆ ವಿವಾಹದ ವಿಷಯದಲ್ಲಿ ಜೈನ ಪರಂಪರೆಯು ವೈಭವವನ್ನೇ ನಿರಾಕರಿಸುತ್ತದೆಯೇ? ಇಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ನಿರೂಪಿಸುವಾಗ ಹದಿನೇಳನೆಯದಾಗಿ ವಿವಾಹವನ್ನು ಹೇಳುತ್ತಾರೆ. ಪವಿತ್ರವಾದ ಒಂದು ಸ್ಥಳದಲ್ಲಿ, ಸಿದ್ಧಪ್ರತಿಮೆಯ ಎದುರಿನಲ್ಲಿ ಪಾಣಿಗ್ರಹಣವು ದೊಡ್ಡ ವೈಭವದಿಂದಲೇ ನಡೆಯಲಿ ಎಂಬುದು ಅವರ ಅಭಿಪ್ರಾಯ. ಆದರೆ ಆ ವೈಭವದ ಬೆನ್ನಿಗೇ ಒಂದು ನಿಯಮವಿದೆ. ಕೈಗೆ ಕಂಕಣ ಕಟ್ಟಿಕೊಂಡ ವಧೂವರರು ಏಳು ದಿನಗಳ ಕಾಲ ಬ್ರಹ್ಮಚರ್ಯದಿಂದಿರಬೇಕು. ಅನಂತರ ತಮಗೆ ಉಚಿತವಾದ ನೆಲದಲ್ಲಿ ಸಂಚರಿಸಿ, ತೀರ್ಥಭೂಮಿಗಳನ್ನು ದರ್ಶಿಸಿ, ಸಂಭ್ರಮದಿಂದ ತಮ್ಮ ಮನೆಯನ್ನು ಪ್ರವೇಶಿಸಬೇಕು.

ಯಾತ್ರೆಯೂ ವಿವಾಹವೂ ಕೂಡಿ ಬರುವುದು ಹೊಸ ಕಲ್ಪನೆಯೇನಲ್ಲವೆಂದು ಇದರಿಂದ ತಿಳಿಯುತ್ತದೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅದಕ್ಕೆ ಸ್ಥಾನವಿತ್ತು. ಆದರೆ ಕ್ರಮ ಬೇರೆಯಾಗಿತ್ತು. ಅಲ್ಲಿ ಮೊದಲು ಸಮಾಜದ ನಡುವೆ ಪಾಣಿಗ್ರಹಣ, ಆಮೇಲೆ ಸಂಯಮ, ಆಮೇಲೆ ಇಬ್ಬರೇ ಕೈಗೊಳ್ಳುವ ತೀರ್ಥಯಾತ್ರೆ, ಕೊನೆಗೆ ಗೃಹಪ್ರವೇಶ. ಇಲ್ಲಿ ಸಮಾಜವನ್ನು ಬಿಟ್ಟು ಮೊದಲೇ ಪ್ರಯಾಣ, ನೂರಾರು ಜನರ ವಿಮಾನಯಾನ, ಸಂಯಮದ ಸ್ಥಾನದಲ್ಲಿ ಮೂರು ದಿನಗಳ ಎಣಿಕೆಯಿಲ್ಲದ ಭೋಗ. ಕೊನೆಗೆ ತಲುಪುವುದು ಬಾಡಿಗೆಯ ಕೋಣೆಯನ್ನು. ರೆಸಾರ್ಟುಗಳಲ್ಲಿ ಅತಿಥಿಯ ಮಣಿಕಟ್ಟಿಗೆ ಬಣ್ಣದ ಪಟ್ಟಿಯೊಂದನ್ನು ಕಟ್ಟುವ ವಾಡಿಕೆಯಿದೆ. ಬೇಕಾದಾಗ ಬೇಕಾದಷ್ಟನ್ನು ಪಡೆಯುವ ಹಕ್ಕಿನ ಗುರುತು ಅದು. ವಧುವಿನ ಕೈಯಲ್ಲಿ ಅಂದು ಎರಡು ಕಟ್ಟುಗಳಿರುತ್ತವೆ. ಕಂಕಣವು ತಡೆಯುತ್ತದೆ, ಪಟ್ಟಿಯು ಕರೆಯುತ್ತದೆ. ಆ ದಿನದ ಏರ್ಪಾಡೆಲ್ಲವೂ ಪಟ್ಟಿಯ ಪಕ್ಷದಲ್ಲಿದ್ದರೆ ಕಂಕಣದ ಅರ್ಥವನ್ನು ಅವಳಿಗೆ ತಿಳಿಸುವವರಾರು?

ಸಾಕ್ಷಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಆದಿಪುರಾಣದಲ್ಲಿ ವಿವಾಹದ ಅನಂತರದ ವರ್ಣಲಾಭ ಕ್ರಿಯೆಯಲ್ಲಿ, ತಂದೆಯು ಮುಖ್ಯರಾದ ಇತರ ಶ್ರಾವಕರನ್ನು ಸಾಕ್ಷಿಯಾಗಿರಿಸಿಕೊಂಡು ಮಗನಿಗೆ ಧನವನ್ನು ಒಪ್ಪಿಸುತ್ತಾನೆ. ಹೊಸ ಸಂಸಾರವು ನೆಲೆ ನಿಲ್ಲುವುದು ಸಹಧರ್ಮಿಗಳ ಕಣ್ಣೆದುರಿನಲ್ಲಿ. ಆ ಸಾಕ್ಷಿಗಳು ಚಿತ್ರಕ್ಕೆ ನಿಲ್ಲಲು ಬಂದವರಲ್ಲ; ನಾಳೆ ಗಂಡಹೆಂಡಿರಲ್ಲಿ ವಿರಸ ಬಂದರೆ ಬುದ್ಧಿ ಹೇಳುವವರು, ಹೆಣ್ಣಿಗೆ ಅನ್ಯಾಯವಾದರೆ ಅಡ್ಡ ಬರುವವರು, ರೋಗವೋ ಸಾಲವೋ ಬಂದರೆ ಮನೆಗೆ ಬರುವವರು. ದರವು ತಲೆಗೆ ಇಷ್ಟು ಎಂದಾದಾಗ ಮೊದಲು ಪಟ್ಟಿಯಿಂದ ಬಿಟ್ಟುಹೋಗುವವರು ಇವರೇ: ನಿವೃತ್ತ ಗುಮಾಸ್ತ ಚಿಕ್ಕಪ್ಪ, ವಿಧವೆ ಸೋದರತ್ತೆ, ಹಳ್ಳಿಯ ದಾಯಾದಿಗಳು, ಬಸದಿಯ ಇಂದ್ರರು, ಮಗುವಾಗಿದ್ದಾಗ ವಧುವನ್ನು ಎತ್ತಿ ಆಡಿಸಿದ ನೆರೆಮನೆಯಾಕೆ. ಆಮಂತ್ರಣವಿದ್ದರೂ ವಿಮಾನದ ಟಿಕೆಟ್ಟಿಗೆ ಹಣವಿಲ್ಲದವರು "ಆರೋಗ್ಯ ಸರಿಯಿಲ್ಲ" ಎಂದು ಸುಳ್ಳು ಹೇಳಿ ಮಾನ ಉಳಿಸಿಕೊಳ್ಳುತ್ತಾರೆ. ಆಪ್ತರು ಯಾರೆಂಬುದನ್ನು ಪ್ರೀತಿಯು ನಿರ್ಧರಿಸಿದ್ದರೆ ನೂರು ಜನರ ಮದುವೆಗೆ ಯಾರೂ ಆಕ್ಷೇಪ ಹೇಳುವಂತಿಲ್ಲ. ಅದನ್ನು ನಿರ್ಧರಿಸುವುದು ದರವಾದಾಗ ಆ ನೂರು ಜನರಲ್ಲಿ ಉಳಿಯುವುದು ಬಹುಮಟ್ಟಿಗೆ ಅನುಕೂಲವಂತರೇ.

ಅತಿಥಿಸಂವಿಭಾಗವನ್ನು ಗೃಹಸ್ಥನ ಹನ್ನೆರಡನೆಯ ವ್ರತವಾಗಿ ತತ್ತ್ವಾರ್ಥಸೂತ್ರವು ಹೇಳುತ್ತದೆ. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ. ಸಂಯಮಿಯಾದ ಆತನಿಗೆ ತನ್ನ ಊಟದಲ್ಲಿ ಪಾಲು ಕೊಡುವುದು ವ್ರತ. ಈ ವ್ರತದ ನೆರಳಿನಲ್ಲಿಯೇ ಜೈನ ಮನೆಗಳ ಮಂಗಳಕಾರ್ಯಗಳಲ್ಲಿ ಕರೆಯದೆ ಬಂದವರಿಗೂ ಒಂದು ಎಲೆ ಹಾಕುವ ವಾಡಿಕೆ ಬೆಳೆಯಿತು. ಬಾಗಿಲಿನಲ್ಲಿ ಮಣಿಕಟ್ಟಿನ ಪಟ್ಟಿಯನ್ನು ಪರೀಕ್ಷಿಸಿ ಒಳಗೆ ಬಿಡುವ ಸ್ಥಳದಲ್ಲಿ ಆ ಎಲೆಗೆ ಜಾಗವಿಲ್ಲ.

ಇನ್ನು ಪರಿಹಾರದ ಮಾತು. ನಿಷೇಧದಿಂದ ಇದನ್ನು ತಡೆಯಬಹುದೇ? 2019ರಲ್ಲಿ ಭೋಪಾಲದ ಜೈನ, ಗುಜರಾತಿ, ಸಿಂಧಿ ಸಮಾಜಗಳ ಸಂಘಟನೆಗಳು ಮದುವೆಗೆ ಮುಂಚಿನ ಚಿತ್ರೀಕರಣವೇ ಮೊದಲಾದ ಕೆಲವು ಆಡಂಬರಗಳನ್ನು ನಿಷೇಧಿಸಿದ ಸುದ್ದಿ ಬಂದಿತ್ತು. ಸಮಾಜವು ಎಚ್ಚೆತ್ತದ್ದು ಒಳ್ಳೆಯದೇ. ಆದರೆ ನಿಷೇಧವು ಹೊರಗಿನಿಂದ ಬರುವ ಎಲ್ಲೆ. ಅದನ್ನು ದಾಟಲು ಜಾಣರಿಗೆ ದಾರಿಗಳು ಸಿಗುತ್ತವೆ, ದಾಟಲಾರದ ಬಡವರಿಗೆ ಮಾತ್ರ ದಂಡ ಬೀಳುತ್ತದೆ. ವ್ರತವು ತಾನೇ ಹಾಕಿಕೊಂಡ ಎಲ್ಲೆಯಾದ್ದರಿಂದ ಅದಕ್ಕೆ ಕಾವಲುಗಾರ ಬೇಕಿಲ್ಲ.

ಕರ್ನಾಟಕದ ಜೈನರ ಕಣ್ಣೆದುರಿಗೆ ಬೇರೊಂದು ಮಾದರಿಯಿದೆ. ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಉಚಿತ ಸಾಮೂಹಿಕ ವಿವಾಹವನ್ನು ಆರಂಭಿಸಿದರು. ಜಾತಿಮತಗಳ ಭೇದವಿಲ್ಲದೆ, ಅಂದಿನಿಂದ ಸಾವಿರಾರು ಜೋಡಿಗಳು ಅಲ್ಲಿ ಮದುವೆಯಾಗಿವೆ. ಸೀರೆ, ಪಂಚೆ, ಮಾಂಗಲ್ಯ, ಊಟ ಇವೆಲ್ಲವನ್ನೂ ಕ್ಷೇತ್ರವೇ ಒದಗಿಸುತ್ತದೆ. ಒಂದು ಅರ್ಥದಲ್ಲಿ ಅದೂ "ಎಲ್ಲವೂ ಸೇರಿ" ನಡೆಯುವ ವಿವಾಹವೇ, ಅದೂ ಕರಾವಳಿ ಜಿಲ್ಲೆಯಲ್ಲಿಯೇ. ಆದರೆ ಅಲ್ಲಿ ಸೇರಿರುವ ಎಲ್ಲಕ್ಕೂ ಲೆಕ್ಕವಿದೆ: ವಧುವಿಗೊಂದು ಸೀರೆ, ವರನಿಗೊಂದು ಪಂಚೆ, ಬಂದವರಿಗೊಂದು ಊಟ. ಸಿರಿವಂತರ ಮಕ್ಕಳೂ ಆ ಸಾಲಿನಲ್ಲಿ ಕುಳಿತುಕೊಳ್ಳುವುದು ಇಂದಿಗೆ ಕನಸಾಗಿ ಕಾಣಬಹುದು. ಅದರ ಅಳತೆಯನ್ನಾದರೂ ತಮ್ಮ ಮನೆಗೆ ತಂದುಕೊಳ್ಳಲು ಅಡ್ಡಿಯಿಲ್ಲ.

ಬಸದಿಗಳ ಆಡಳಿತ ಮಂಡಲಿಗಳೂ ಭವನಗಳ ನಿರ್ವಾಹಕರೂ ಇಲ್ಲಿ ಆತ್ಮಶೋಧನೆ ಮಾಡಿಕೊಳ್ಳಬೇಕಾಗಿದೆ. ತರುಣರು ಕಡಲಿನತ್ತ ಹೋಗುವುದಕ್ಕೆ ಸಮಾಜದ ಭವನಗಳೂ ಒಂದಿಷ್ಟು ಕಾರಣ. ಬಾಡಿಗೆ ದೊಡ್ಡದು; ಚಿಕ್ಕ ಮದುವೆಗೆ ಚಿಕ್ಕ ಸಭಾಂಗಣವಿಲ್ಲ; ಸಾವಿರ ಜನರಿಗೆ ಕಟ್ಟಿದ ಭೋಜನಶಾಲೆಯಲ್ಲಿ ನೂರು ಜನ ಕಳೆದುಹೋದಂತೆ ಕಾಣುತ್ತಾರೆ; ರಾತ್ರಿಯ ಆರತಕ್ಷತೆಯ ಊಟಕ್ಕೆ ಅಲ್ಲಿಯೂ ತಡೆಯಿಲ್ಲ. ಸೂರ್ಯಾಸ್ತದ ಅನಂತರ ಅಡಿಗೆಮನೆಯನ್ನು ತೆರೆದಿಡುವ ಭವನವು ರೆಸಾರ್ಟಿಗೆ ಉಪದೇಶ ಮಾಡಲಾರದು. ನೂರೈವತ್ತು ಎಲೆಗಳ ಮದುವೆಗೆ ಕಡಿಮೆ ಬಾಡಿಗೆಯ ಒಂದು ಏರ್ಪಾಡು, ಹಗಲು ಮುಗಿಯುವುದರೊಳಗೆ ಮುಗಿಯುವ ಕಾರ್ಯಕ್ರಮ, ಉಳಿದ ಆಹಾರವನ್ನು ಹೊತ್ತು ಮೀರುವ ಮೊದಲು ಹಸಿದವರಿಗೆ ತಲುಪಿಸುವ ಕ್ರಮ, ಮೂಡುಬಿದಿರೆ, ಹೊಂಬುಜ, ಕನಕಗಿರಿಗಳಂತಹ ಕ್ಷೇತ್ರಗಳಲ್ಲಿ ಸರಳ ವಿವಾಹಕ್ಕೂ ನವದಂಪತಿಗಳ ಯಾತ್ರೆಗೂ ಅನುಕೂಲ ಇವನ್ನು ಮಾಡಿಕೊಡುವುದು ಮಂಡಲಿಗಳ ಕೈಯಲ್ಲಿಯೇ ಇದೆ. ಆಪ್ತರ ನಡುವೆ, ಊರಿನ ಗದ್ದಲದಿಂದ ದೂರದಲ್ಲಿ ಮದುವೆಯಾಗಬೇಕೆಂಬ ತರುಣರ ಬಯಕೆ ತಪ್ಪಲ್ಲ. ಅದಕ್ಕೆ ಧರ್ಮಕ್ಕೆ ಒಪ್ಪುವ ಒಂದು ಸ್ಥಳವನ್ನು ತೋರಿಸದೆ ಅವರನ್ನು ದೂಷಿಸುವುದು ಮಾತ್ರ ನ್ಯಾಯವಾಗದು.

ಮನೆಯವರು ಮಾಡಬಹುದಾದ ಕೆಲಸವು ಇನ್ನೂ ಸರಳವಾದುದು. ಮದುವೆಯ ಸ್ಥಳವನ್ನು ಗೊತ್ತುಮಾಡುವ ಮೊದಲು, ವಧೂವರರೂ ಅವರ ತಂದೆತಾಯಿಗಳೂ ಒಂದು ಸಂಜೆ ಕುಳಿತು ಹಳೆಯ ಬಗೆಯ ಪಟ್ಟಿಯೊಂದನ್ನು ಬರೆಯಲಿ. ಎಷ್ಟು ಎಲೆ, ಎಷ್ಟು ಮಾರು ಹೂವು, ಎಷ್ಟು ಸೀರೆ, ಎಷ್ಟು ದೀಪ, ಎಷ್ಟು ದೂರ. ಅದರ ಕೆಳಗೆ, ಯಾರು ಬರದಿದ್ದರೆ ಈ ಮದುವೆ ಅಪೂರ್ಣವೋ ಅವರ ಹೆಸರುಗಳನ್ನು ಬರೆಯಲಿ. ಅವರಲ್ಲಿ ಅತಿ ಬಡವರೂ ಅತಿ ವೃದ್ಧರೂ ಅತಿ ಕಠಿಣ ನಿಯಮವುಳ್ಳವರೂ ತಲುಪಿ ಉಣ್ಣಬಹುದಾದ ಸ್ಥಳವನ್ನು ಆಮೇಲೆ ಹುಡುಕಲಿ. ಆ ಸ್ಥಳವು ಕಡಲ ಬಳಿಯಲ್ಲಿಯೇ ಸಿಕ್ಕರೆ ಅಲ್ಲಿಯೇ ಮದುವೆ ನಡೆಯಲಿ, ಶಾಸ್ತ್ರದ ಅಡ್ಡಿಯಿಲ್ಲ. ಬಹುತೇಕ ಮನೆಗಳಿಗೆ ಅದು ತಮ್ಮ ಊರಿನ ಬಸದಿಯ ಅಂಗಳದಲ್ಲಿಯೋ ಮನೆಯ ಮುಂದಿನ ಚಪ್ಪರದಲ್ಲಿಯೋ ಸಿಗುತ್ತದೆ. ಬರೆದ ಪಟ್ಟಿಯನ್ನು ಹಿಡಿದು ಗಾಂಧಿ ಬಜಾರಿಗೆ ಹೋದರೆ ಅಲ್ಲಿ ಇಂದಿಗೂ ಹೂವನ್ನು ಅಳೆದು, ಕಾಯಿಯನ್ನು ಎಣಿಸಿಯೇ ಕೊಡುತ್ತಾರೆ.